ಎರಡೂ ಕಣ್ಣು ತೆರೆದಿಟ್ಟ ಪರಮಣ್ಣ

ಕ್ಯಾಮೆರಾ ಕಣ್ಣಿಗಿಟ್ಟಾಗ ಪರಮಣ್ಣ ಇನ್ನೊಂದು ಕಣ್ಣನ್ನು ಮುಚ್ಚುತ್ತಿರಲಿಲ್ಲ. ಬಲಗಣ್ಣು ಕಿಂಡಿಯೊಳಗಿದ್ದರೆ ಎಡಗಣ್ಣು ಅಂಗಣವನ್ನೆಲ್ಲ ಸಂಶಯದಿಂದ ಸುತ್ತುತ್ತಿತ್ತು. ಅಂಪೈರ್, ಆಟಗಾರ, ಮೋಡ, ಪಕ್ಕದಲ್ಲಿ ನಿಂತವ, ಯಾರನ್ನೂ ಅವನು ನಂಬಿದವನಲ್ಲ. ಶಿರಸಿಯ ತನ್ನ ಸ್ಟುಡಿಯೋದಲ್ಲಿ ಫಿಲ್ಮು ತುಂಬುವಾಗಲೂ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಡಾರ್ಕ್‌ರೂಮಿಗೆ ಹೆಂಡತಿಯನ್ನೂ ಬಿಟ್ಟಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಕಾಲೇಜು ಮುಗಿಸಿ ಆಟದ ಫೋಟೋಗಳ ಹುಚ್ಚು ಹಿಡಿಸಿಕೊಂಡಿದ್ದ ನಾನು, ಸಿದ್ದಾಪುರದಲ್ಲಿ ತೆಗೆದ ವಾಲಿಬಾಲ್ ಚಿತ್ರಗಳನ್ನು ಅವನ ಮುಂದೆ ಹರಡಿದೆ. ಎಲ್ಲದರಲ್ಲೂ ನೆಟ್ ಇತ್ತು, ಎತ್ತಿದ ಕೈಗಳಿದ್ದವು. ಚೆಂಡು ಮಾತ್ರ ಇರಲಿಲ್ಲ.

“ಚೆಂಡಿನ ಬೆನ್ನಿಗೆ ಓಡಡ ಕೂಸೆ. ಅದು ಬಪ್ಪ ಜಾಗ ನೋಡಿ, ಮೊದಲೇ ಫೋಕಸ್ ಮಾಡ್ಕಂಡು ಕೂತ್ಗ. ಒಂದು ಕಣ್ಣು ಮುಚ್ಚಡ,” ಎಂದ. ನಮ್ಮ ಕಡೆ ಕೂಸು ಎಂದರೆ ಹುಡುಗಿ, ಓಡಡ ಎಂದರೆ ಓಡಬೇಡ.

ಯಾರಿಗೂ ಏನೂ ಹೇಳಿಕೊಡದವನು ನನಗೇಕೆ ಹೇಳುತ್ತಿದ್ದಾನೆ? ನನ್ನ ಸಂಶಯ ಅಂದೇ ಶುರುವಾಯಿತು. ಹೇಳಿದಂತೆ ಮಾಡಿದಾಗ ಚೆಂಡೇನೋ ಚಿತ್ರದೊಳಗೆ ಬಂತು, ಸಂಶಯ ಹೋಗಲಿಲ್ಲ.

ಯಲ್ಲಾಪುರದ ಕಬಡ್ಡಿ ಫೈನಲ್ಲಿನ ದಿನ ಅದು ಇನ್ನೂ ಗಟ್ಟಿಯಾಯಿತು. ಒಂದು ತಂಡದಲ್ಲಿ ಪರಮಣ್ಣನ ಸೋದರಳಿಯ ಆಡುತ್ತಿದ್ದ. ಪರಮಣ್ಣ ನನ್ನನ್ನು ನಡುಗೆರೆಯ ಒಂದು ತುದಿಯಲ್ಲಿ ಮೊಣಕಾಲೂರಿ ಕೂರಿಸಿ, “ಆಟಗಾರನ್ನ ನೋಡಡ, ಗೆರೆ ನೋಡು,” ಎಂದು ತಾನು ಎದುರು ತುದಿಗೆ ಹೋದ. ಒಳ್ಳೆಯ ಬೆಳಕೆಲ್ಲ ತನಗಿಟ್ಟುಕೊಂಡ ಎಂದುಕೊಂಡೆ.

ಕೊನೆಯ ರೈಡ್ ಅಳಿಯನದೇ. ನಾಲ್ಕಾರು ಮಂದಿ ಅವನನ್ನು ಕೆಡವಿದರು. ಅವನು ಗೆರೆಗೆ ಕೈ ಚಾಚಿದ, ಅಂಪೈರ್ ಸೀಟಿ ಊದಿದ, ನಾನು ಕ್ಯಾಮೆರಾದ ಗುಂಡಿ ಒತ್ತಿದೆ. ತೆರೆದಿದ್ದ ನನ್ನ ಇನ್ನೊಂದು ಕಣ್ಣಿಗೆ ಎದುರಿನ ಪರಮಣ್ಣನೂ ಕಂಡ. ಅವನೂ ಒತ್ತಿದ, ಹೆಬ್ಬೆರಳಿನಿಂದ ಫಿಲ್ಮು ಮುಂದಕ್ಕೆ ತಿರುಗಿಸಿದ.

ಸೀಟಿಗೆ ಮೊದಲೇ ಕೈ ಗೆರೆ ಮುಟ್ಟಿತು, ಅಳಿಯನ ತಂಡವೇ ಗೆದ್ದಿತು ಎಂದ ಅಂಪೈರ್. ದೊಡ್ಡ ಗಲಾಟೆಯಾಯಿತು. ಸಂಘಟಕರು ನಮ್ಮಿಬ್ಬರ ಹತ್ತಿರ ಬಂದರು. “ಫೋಟೋ ತೋರಿಸ್ರಿ. ಅಲ್ಲೀತನಕ ಕಪ್ ಯಾರಿಗೂ ಕೊಡೂದಿಲ್ಲ.”

“ಎನ್ನ ಫಿಲ್ಮು ಆಗ್ಲೇ ಖಾಲಿಯಾಗಿತ್ತು,” ಎಂದ ಪರಮಣ್ಣ.

ಖಾಲಿಯಾದ ಫಿಲ್ಮು ಮುಂದಕ್ಕೆ ತಿರುಗುವುದಿಲ್ಲ. ಮಾರನೆಯ ದಿನ ನನ್ನ ರೋಲನ್ನು ತೊಳೆಯಲು ಅವನು ಕೈಚಾಚಿದಾಗ ನಾನು ಕೊಡಲಿಲ್ಲ. “ಆನೂ ಒಳಗೆ ಬರವು,” ಎಂದು ಡಾರ್ಕ್‌ರೂಮಿನ ಬಾಗಿಲಿಗೆ ನಡೆದೆ.

“ಅನುಮಾನನಾ?” ಎಂದು ನನ್ನನ್ನು ದಿಟ್ಟಿಸಿದ. “ಬಾ.”

ರೋಲು ತೊಳೆದು ಒಣಗಿದ ಮೇಲೆ, ಕೆಂಪು ದೀಪದಡಿ, ಟ್ರೇಯ ದ್ರಾವಣದಲ್ಲಿದ್ದ ಕಾಗದದ ಮೇಲೆ ಚಿತ್ರ ಮೆಲ್ಲಗೆ ಮೂಡಿತು. ಅಂಪೈರ್ ಕೆನ್ನೆಯುಬ್ಬಿಸಿ ಸೀಟಿ ಊದುತ್ತಿದ್ದಾನೆ; ಅಳಿಯನ ಬೆರಳುಗಳು ಗೆರೆಯಿಂದ ಗೇಣು ದೂರದಲ್ಲಿವೆ. ಪರಮಣ್ಣ ಟ್ರೇಯತ್ತ ಬಾಗಿದ. ಒಂದು ಕ್ಷಣ, ಕಾಗದವನ್ನು ಹರಿದುಬಿಡುತ್ತಾನೆ ಎನ್ನಿಸಿತು. ಅವನು ಅದನ್ನು ಚಿಮಟದಲ್ಲಿ ಎತ್ತಿ ತೊಳೆದು, ಒಣಹಾಕಿ, ತಾನೇ ಕವರಿಗೆ ಹಾಕಿ ನನ್ನ ಕೈಗಿತ್ತ.

ಫೋಟೋ ಸಂಘಟಕರ ಕೈ ಸೇರಿತು, ಕಪ್ ಆಚೆ ತಂಡಕ್ಕೆ ಹೋಯಿತು. ನಾನು ಅವನ ಶಿಷ್ಯೆಯೆಂಬ ಕಾರಣಕ್ಕೆ ಅಳಿಯನ ತಾಯಿ, ಅಂದರೆ ಪರಮಣ್ಣನ ಅಕ್ಕನ ಮನೆಯವರು ಅವನೊಡನೆ ಮಾತು ಬಿಟ್ಟರು. ಅವನು ಅದನ್ನು ಒಮ್ಮೆಯೂ ನನ್ನೆದುರು ಎತ್ತಿ ಆಡಲಿಲ್ಲ.

ಕೊನೆಯ ಸಲ ಕಂಡಿದ್ದು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ, ಡಿಜಿಟಲ್ ಬಂದು ಅವನ ಸ್ಟುಡಿಯೋ ಮುಚ್ಚಿದ ಮೇಲೆ. ತಡೆಯಲಾರದೆ ಕೇಳಿಯೇಬಿಟ್ಟೆ. “ಪರಮಣ್ಣ, ಅವತ್ತು ನಿನ್ನ ಫಿಲ್ಮು ಖರೇ ಖಾಲಿಯಾಗಿತ್ತಾ?”

“ಆಗಿತ್ತು,” ಎಂದ. ನನ್ನ ಮುಖ ನೋಡಿ ನಕ್ಕ. “ನಂಬ್ತಿಲ್ಯ? ನಂಬಡ.”

ಕಾನಸೂರಿನ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವನು ತಿರುಗಿ ಹೇಳಿದ: “ಎಷ್ಟಂದ್ರೂ ಎನ್ನ ಅಳಿಯ ಅಲ್ದನೆ, ಕೂಸೆ. ಎನ್ನ ಹತ್ರ ಇದ್ದಿದ್ರೆ ಆ ಫೋಟೋ ಹೊರಗೆ ಬತ್ತಿತ್ತಿಲ್ಲೆ. ಅದ್ಕೇ ನಿನ್ನ ಅಲ್ಲಿ ಕೂರ್ಸಿದ್ದು.”