ಅರ್ಧಕ್ಕೆ ಬತ್ತಿಸಿದ ನೀರು

ಮನೆ ಓನರ್ ಆಂಟಿಯ ಎಡಗಾಲು ಬಲಗಾಲಿಗಿಂತ ದಪ್ಪ. ಮೀನಖಂಡದ ಮೇಲೆ ಬೆರಳೊತ್ತಿದರೆ ರೊಟ್ಟಿ ಹಿಟ್ಟಿನಲ್ಲಿ ಬೀಳುವಂಥ ಗುಳಿ ಬಿದ್ದು, ಅದು ತುಂಬಿಕೊಳ್ಳಲು ಎಷ್ಟೋ ಹೊತ್ತು ಹಿಡಿಯುತ್ತಿತ್ತು. ಆ ಕಾಲನ್ನೇ ಎಳೆದುಕೊಂಡು ಆಕೆ ಬೆಳಗ್ಗೆ ಹಣೆಗೆ ವಿಭೂತಿ ಹಚ್ಚಿ, ಬೋರ್‌ವೆಲ್ ಮೋಟಾರ್ ಹಾಕಿ, ಗೇಟಿನ ಹೊರಗಿನ ನಲ್ಲಿ ತಿರುಗಿಸುತ್ತಿದ್ದರು. ಹೇರೋಹಳ್ಳಿಯ ನಮ್ಮ ರಸ್ತೆಗೆ ಕಾವೇರಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಿಂದಿಗೆ ಹಿಡಿದು ಬಂದವರಿಗೆಲ್ಲ ಆ ನಲ್ಲಿಯೇ ಗತಿ. "ನೀರಿಗೆ ಬಂದೋರನ್ನ ನಿಲ್ಸಿ ಮಾತಾಡ್ಸಬಾರ್ದು. ಮೊದ್ಲು ನೀರು, ಆಮೇಲೆ ಮಾತು" ಎನ್ನುತ್ತಿದ್ದರು.

ಹಾಗೆಂದು ಸಾಧು ಹೆಂಗಸೇನಲ್ಲ. ನನ್ನ ಗಂಡ ಪೈಪ್ ಹಿಡಿದು ಸ್ಕೂಟರ್ ತೊಳೆಯಲು ನಿಂತರೆ ಹಿಂದಿನಿಂದ ಬಂದು ವಾಲ್ವ್ ತಿರುಗಿಸಿಬಿಡುತ್ತಿದ್ದರು. "ಏನಪ್ಪಾ, ಮದುವೆ ಮಾಡಿಸ್ತಿದೀಯಾ ಅದಕ್ಕೆ?"

ತಾಯಿಯಿಲ್ಲದ ನನ್ನ ಬಾಣಂತನ ಮಾಡಿದ್ದು ಆಕೆಯೇ. ಬಾಣಂತಿ ತಣ್ಣೀರು ಮುಟ್ಟಬಾರದು. ಬರೀ ಕುದಿಸಿದರೂ ಸಾಲದು, ಕಷಾಯದ ಹಾಗೆ ಅರ್ಧಕ್ಕೆ ಬತ್ತಬೇಕು ಎಂಬುದು ಆಕೆಯ ಶಾಸ್ತ್ರ. ತಾವೂ ವರ್ಷವಿಡೀ ಅದನ್ನೇ ಕುಡಿಯುತ್ತಿದ್ದರು. ದೊಡ್ಡ ಪಾತ್ರೆಯಲ್ಲಿ ನೀರು ಬತ್ತಿಸಿ, ಫ್ಲಾಸ್ಕಿಗೆ ತುಂಬಿ, ಆ ಕಾಲಿನಲ್ಲೇ ಮೆಟ್ಟಿಲು ಹತ್ತಿ ತಂದುಕೊಡುತ್ತಿದ್ದರು. "ಕುಡಿಯೇ, ಮಗೂಗೆ ಹಾಲು ಬೇಡ್ವಾ?" ನಾನು ಕುಡಿಯುತ್ತಿದ್ದೆ. ಹೆತ್ತವಳು ಇದ್ದಿದ್ದರೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

ಒಮ್ಮೆ ಆ ಕಾಲು ಕೆಂಪಗಾಗಿ ನೋವು ತಡೆಯಲಾಗದಾದಾಗ ವಿಜಯನಗರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಮನೆ ಎಲ್ಲಿ, ಸುತ್ತ ಏನಿದೆ, ಕುಡಿಯುವುದು ಯಾವ ನೀರು ಎಂದು ಕೇಳುತ್ತ ಹೋದರು. ಮನೆಯ ಹಿಂದಿರುವುದು ಪ್ಲೇಟಿಂಗ್ ಶೆಡ್. ಕಬ್ಬಿಣದ ಸಾಮಾನಿಗೆ ಹೊಳೆಯುವ ಲೇಪ ಹಾಕಿ, ತೊಳೆದ ಹಳದಿ ನೀರನ್ನು ಹಿತ್ತಲ ಗುಂಡಿಗೆ ಬಿಡುತ್ತಾರೆ. ಡಾಕ್ಟರ ಮಾತಿನಂತೆ ಬೋರ್ ನೀರನ್ನು ಪರೀಕ್ಷೆಗೆ ಕೊಟ್ಟೆವು. ಸೀಸ, ಕ್ಯಾಡ್ಮಿಯಂ ಎರಡೂ ಮಿತಿ ಮೀರಿದ್ದವು. ಆ ವರದಿ ಹಿಡಿದು ಮತ್ತೆ ಆಸ್ಪತ್ರೆಗೆ ಹೋದೆವು.

"ಇಂಥ ಲೋಹ ವರ್ಷಗಟ್ಟಲೆ ಮೈಗೆ ಸೇರಿದ್ರೆ ರಕ್ತ ಬೇಡದ ಕಡೆ ಹೆಪ್ಪುಗಟ್ಟೋ ಸಾಧ್ಯತೆ ಜಾಸ್ತಿ ಆಗ್ಬಹುದು. ಆದ್ರೆ ನಿಮಗೆ ಇದ್ರಿಂದ್ಲೇ ಬಂತು ಅಂತ ಬರ್ಕೊಡೋಕೆ ಆಗಲ್ಲಮ್ಮ" ಎಂದರು ಡಾಕ್ಟರು.

"ನಾನು ಹಂಗೇ ಕುಡಿಯಲ್ಲ ಸಾರ್, ಕುದಿಸಿ ಅರ್ಧಕ್ಕೆ ಬತ್ತಿಸ್ತೀನಿ" ಎಂದರು ಆಂಟಿ, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಲೋಹ ಎಲ್ಲಿಗೆ ಹೋಗುತ್ತೆ? ಸಾರು ಬತ್ತಿದ್ರೆ ಉಪ್ಪು ಜಾಸ್ತಿ ಆಗಲ್ವಾಮ್ಮಾ?"

ಆಟೋದಲ್ಲಿ ಆಂಟಿ ನನ್ನ ಮುಖ ನೋಡಲಿಲ್ಲ. ಮನೆ ಹತ್ತಿರ ಬಂದಾಗ, "ನಿಂಗೂ ಅದನ್ನೇ ಕುಡಿಸಿದ್ನಲ್ಲೇ" ಎಂದರು. ಕೈ ಹಿಡಿದುಕೊಂಡೆ, ಅಷ್ಟೆ.

ಮರುದಿನವೇ ನಲ್ಲಿಗೆ ಬಟ್ಟೆ ಸುತ್ತಿ ಕಟ್ಟಿದರು. ಮನೆಮನೆಗೆ ಕುಂಟಿಕೊಂಡು ಹೋಗಿ, ಈ ನೀರು ಕುಡಿಯಬೇಡಿ ಎಂದು ಹೇಳಿದರು. ಯಾರು ನಂಬಬೇಕು? "ಕೊಡೋಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ಲಿ, ಈ ಕಥೆಯೆಲ್ಲ ಯಾಕೆ?" ಎಂದಳು ಇಷ್ಟು ವರ್ಷ ಅಲ್ಲೇ ಬಿಂದಿಗೆ ತುಂಬಿಕೊಂಡವಳು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕುವ ಜನ. ನಾವು ಕೊಟ್ಟ ದೂರಿಗೆ ಅಧಿಕಾರಿಯೊಬ್ಬ ಬಂದು, ಒಂದು ಬಾಟಲಿ ತುಂಬಿಕೊಂಡು ಹೋಗಿ, ಬರೀ ಕ್ರಿಮಿ ಹುಡುಕಿಸಿ, ನೀರು ಚೆನ್ನಾಗಿದೆ ಎಂದುಬಿಟ್ಟ. ರಸ್ತೆಯವರೇ ಬಂದು ನಲ್ಲಿಯ ಬಟ್ಟೆ ಬಿಚ್ಚಿದರು.

ಮಾತ್ರೆ ನುಂಗುತ್ತಿದ್ದರೂ ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿ, ಆ ತಿಂಗಳು ಮುಗಿಯುವುದರೊಳಗೆ ಆಂಟಿ ತೀರಿಕೊಂಡರು. ಆಕೆಯ ಋಣ ನನ್ನ ಮೈಯಲ್ಲೂ ಇದೆ, ಮಗಳ ಮೈಯಲ್ಲೂ ಇದೆ. ಅದರ ಜೊತೆಗೆ ಇನ್ನೇನಿದೆಯೋ.

ಆಂಟಿಯ ಹೆಸರಲ್ಲಿ ಶಿವಗಣಾರಾಧನೆ ಮಾಡಿದ ದಿನ ಮನೆ ಮುಂದೆ ಶಾಮಿಯಾನ ಹಾಕಿ ಊಟಕ್ಕಿಟ್ಟಿದ್ದರು. ಲೋಟಗಳಿಗೆ ಬೋರ್ ನೀರನ್ನೇ ಬಡಿಸುತ್ತಿದ್ದರು. ಬೇಡ ಎಂದು ಹೇಳಹೋದರೆ, "ಇವತ್ತಾದ್ರೂ ಸುಮ್ನಿರಮ್ಮ" ಎಂದು ಆಕೆಯ ನೆಂಟರೊಬ್ಬರು ಗದರಿದರು.

ಶೆಡ್ಡಿನ ಓನರ್ ದೊಡ್ಡ ಹಾರ ತಂದು ಫೋಟೋಗೆ ಹಾಕಿದ. "ದೇವರಂಥ ಹೆಂಗಸು. ನಮ್ಮ ಕೆಲಸದೋರಿಗೆಲ್ಲ ನೀರು ಕೊಡ್ತಿದ್ರು" ಎಂದು ಕಣ್ಣೊರೆಸಿಕೊಂಡ. ಆಮೇಲೆ ಪಂಕ್ತಿಯಲ್ಲಿ ಕೂತು, ಎಲೆಯ ಪಕ್ಕದ ಲೋಟವನ್ನು ಮೆಲ್ಲಗೆ ಆಚೆ ಸರಿಸಿ, ಡ್ರೈವರನ್ನು ಕರೆದು ಕಾರಿನಿಂದ ನೀರಿನ ಬಾಟಲಿ ತರಿಸಿದ.

ಅವನಿಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು.

ನಾನು ಹೋಗಿ ಲೋಟವನ್ನು ಮತ್ತೆ ಅವನ ಎಲೆಯ ಪಕ್ಕ ಇಟ್ಟೆ. "ಕುಡೀರಿ ಸಾರ್. ಆಂಟಿ ಮನೆ ನೀರು."

"ಬೋರ್ ನೀರು ನಂಗಾಗಲ್ಲಮ್ಮ, ಗಂಟ್ಲು ಹಿಡ್ಕೊಳ್ಳುತ್ತೆ" ಎಂದು ಅವನು ಬಾಟಲಿಯ ಮುಚ್ಚಳ ತಿರುಗಿಸಿದ.