ನಾಯಿಗೆ ಲಿಫ್ಟಿಲ್ಲ

ಮುಂಬಯಿಯ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ನಾಯಿಗಳು ಲಿಫ್ಟ್ ಹತ್ತುವಂತಿರಲಿಲ್ಲ. ಕೂದಲು ಉದುರುತ್ತದೆ ಎಂದು ಸೊಸೈಟಿಯ ಸೆಕ್ರೆಟರಿ ಬೋರ್ಡು ಹಾಕಿಸಿದ್ದರು. ಅವರೂ ನಮ್ಮ ಧಾರವಾಡದ ಕಡೆಯವರೇ. ಗಣಪತಿ ಹಬ್ಬಕ್ಕೆ ಬಂದು ಅವ್ವನ ಕರಿಗಡಬನ್ನು ಬಾಯ್ತುಂಬ ಹೊಗಳಿ ಹೋಗುತ್ತಿದ್ದರು. ನಮ್ಮ ನಾಯಿ ಮಾತ್ರ ಐದನೇ ಮಹಡಿಗೆ ದಿನಾ ಮೆಟ್ಟಿಲು ಹತ್ತಬೇಕಿತ್ತು.

ಆ ದಿನ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ಅದು ಮೂರನೇ ಮಹಡಿಯಲ್ಲಿ ಕುಸಿಯಿತು. ಸುಸ್ತಾಗಿರಬೇಕೆಂದು ಪಕ್ಕದಲ್ಲಿ ಕೂತೆ. ಬಾಲ ಒಮ್ಮೆ ಅಲ್ಲಾಡಿತು, ಆಮೇಲೆ ಉಸಿರೇ ಇರಲಿಲ್ಲ. ನನ್ನ ಕೂಗು ಕೇಳಿ, ಅದೇ ಮಹಡಿಯಲ್ಲಿದ್ದ ಸೆಕ್ರೆಟರಿ ಹೊರಗೆ ಬಂದರು. ನೋಡಿದವರೇ ಹೋಗಿ ಲಿಫ್ಟಿನ ಬಾಗಿಲು ತೆರೆದು ಹಿಡಿದರು.

“ಇವತ್ತೊಂದಿನ ಲಿಫ್ಟಿನ್ಯಾಗ ಒಯ್ರಿ. ಯಾರೂ ಏನೂ ಅನ್ನಂಗಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು.

“ಸತ್ತ ಮ್ಯಾಲೆ ಕೂದಲ ಉದುರಂಗಿಲ್ಲೇನ್ರಿ?”

ಅವರು ಹಿಡಿದ ಬಾಗಿಲನ್ನು ಬಿಡಲಿಲ್ಲ. ನಾನು ನಾಯಿಯನ್ನು ಎದೆಗವಚಿಕೊಂಡು ಉಳಿದ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇದ್ದರೆ, ದಯವಿಟ್ಟು ಮುಚ್ಚಿ ಎಂದು ನಮ್ಮ ಲಿಫ್ಟು ಹಿಂದಿಯಲ್ಲಿ ಹೇಳುತ್ತದೆ. ಮೇಲೆ ಅವ್ವ ಮನೆಯ ಬಾಗಿಲು ತೆರೆಯುವವರೆಗೂ ಅದು ಕೆಳಗೆ ಒದರುತ್ತಲೇ ಇತ್ತು.