ಮುನಿಪಾಪಮ್ಮನ ಎರಡನೇ ಟ್ಯೂಬ್

೧೯೯೩ರ ಬೇಸಿಗೆ. ನಾನಾಗ ಬಂಗಾರಪೇಟೆಯ ರೈಲು ನಿಲ್ದಾಣದ ಹತ್ತಿರದ ಒಂದು ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್. ಅದಕ್ಕೂ ಮುಂಚೆ ಹನ್ನೊಂದು ವರ್ಷ ಊರಿಗಾಂನ ಒಂದು ದವಾಖಾನೆಯಲ್ಲಿ ಗಣಿ ಕಾರ್ಮಿಕರಿಗೆ ಔಷಧಿ ಕೊಡುತ್ತಿದ್ದೆ. ಅನುಮಾನ ಪಡುವ ವಿದ್ಯೆ ಕಲಿತದ್ದು ಅಲ್ಲೇ. ಕೆಮ್ಮಿನ ಸಿರಪ್ಪನ್ನು ನಶೆಗೆಂದು ಕುಡಿಯುವವರಿದ್ದರು. ಹಾಗಾಗಿ ಕೇಳಿದವನನ್ನು ಎದುರಿಗೆ ನಿಲ್ಲಿಸಿ, "ಎಲ್ಲಿ, ಒಂದ್ಸಲ ಕೆಮ್ಮು" ಅನ್ನುತ್ತಿದ್ದೆ. ಆ ಚಾಳಿ ಬಂಗಾರಪೇಟೆಗೂ ನನ್ನ ಜೊತೆಯೇ ಬಂತು.

ಒಂದು ಸೋಮವಾರ ಬೆಳಿಗ್ಗೆ ಮುನಿಪಾಪಮ್ಮ ಅಂಗಡಿಗೆ ಬಂದಳು. ಐವತ್ತೈದು ದಾಟಿದ ಹೆಂಗಸು, ಪಕ್ಕದ ಹಳ್ಳಿಯವಳು. ಬಾಣಂತಿಯರ ಮನೆಗೆ ಹೋಗಿ ಎಳೆಗೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕೆಲಸ. ಸುತ್ತ ನಾಲ್ಕು ಊರಲ್ಲಿ ಅವಳ ಕೈಯಲ್ಲಿ ಮೀಯದ ಕೂಸೇ ಇರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಡಾಕ್ಟರ ಚೀಟಿ ಕೊಟ್ಟಳು. ಅದರಲ್ಲಿ ಅಸೈಕ್ಲೊವಿರ್ ಕ್ರೀಮ್, ಐದು ಗ್ರಾಂ, ಎಂದಿತ್ತು.

ತುಟಿಯಂಚಿನಲ್ಲಿ ಗೊಂಚಲಾಗಿ ಏಳುವ ನೀರುಗುಳ್ಳೆಗೆ ಹಚ್ಚುವ ಮುಲಾಮು ಅದು. ನಮ್ಮ ಜನ ಜ್ವರದ ಗುಳ್ಳೆ ಅನ್ನುತ್ತಾರೆ. ಹರ್ಪಿಸ್ ಎಂಬ ವೈರಸ್ಸಿನಿಂದ ಬರುವ ಅದು ದೊಡ್ಡವರಿಗೆ ಎಂಟು ಹತ್ತು ದಿನದ ಕಿರಿಕಿರಿ, ಅಷ್ಟೆ. ಒಮ್ಮೆ ಮೈ ಹೊಕ್ಕ ವೈರಸ್ ನರದೊಳಗೆ ಮಲಗಿರುತ್ತದೆ, ಜ್ವರ ಬಂದಾಗ, ಬಿಸಿಲಲ್ಲಿ ಬೆಂದಾಗ ಎದ್ದು ತುಟಿಗೆ ಬರುತ್ತದೆ. ಕ್ರೀಮ್ ಅದನ್ನು ಬೇರುಸಮೇತ ಕೀಳುವುದಿಲ್ಲ. ಹೆಚ್ಚದಂತೆ ತಡೆಯುತ್ತದೆ, ಅದೂ ತುಟಿ ಚುರುಗುಟ್ಟಿದ ಕೂಡಲೇ ಹಚ್ಚಿದರೆ.

"ದಿನಕ್ಕೆ ಐದು ಸಲ, ಐದು ದಿನ. ಸಾಸಿವೆ ಕಾಳಿನಷ್ಟು ಸಾಕು. ಉಜ್ಜಬೇಡ, ಮೆಲ್ಲಗೆ ಸವರು. ಹಚ್ಚೋ ಮುಂಚೆ ಕೈ ತೊಳಿ, ಹಚ್ಚಿದ ಮೇಲೂ ತೊಳಿ" ಎಂದೆ. "ಇದು ಅಂಟುರೋಗ, ಹುಷಾರು" ಅಂತಲೂ ಸೇರಿಸಿದೆ.

"ಅಂಟ್ತದಾ?" ಎಂದು ಕಣ್ಣು ಅಗಲ ಮಾಡಿದಳು. ನನ್ನ ಉತ್ತರ ಕೇಳುವಷ್ಟರಲ್ಲಿ ಬಸ್ಸು ಬಂತು, ಓಡಿದಳು.

ಗುರುವಾರ ಮತ್ತೆ ಬಂದಳು, ಇನ್ನೊಂದು ಟ್ಯೂಬ್ ಬೇಕೆಂದಳು. ನನ್ನ ಕಿವಿ ನೆಟ್ಟಗಾಯಿತು. ದಿನಕ್ಕೆ ಐದು ಸಾಸಿವೆ ಕಾಳಿನ ಲೆಕ್ಕದಲ್ಲಿ ಆ ಟ್ಯೂಬ್ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ನಾಲ್ಕೇ ದಿನಕ್ಕೆ ಎಲ್ಲಿ ಹೋಯಿತು? ಆಗ ನಮ್ಮಲ್ಲಿ ಬಿಳಿ ಮುಲಾಮು ಯಾವುದೇ ಆಗಲಿ, ಮೈಬಣ್ಣ ತಿಳಿಯಾಗುತ್ತದೆಂದು ಮುಖಕ್ಕೆ ಬಳಿದುಕೊಳ್ಳುವ ಹುಚ್ಚು ಇತ್ತು. ಇವಳೂ ಮನೆ ಮನೆ ತಿರುಗುವವಳು, ಮಾರಿಕೊಳ್ಳುತ್ತಿದ್ದಾಳೆ ಎಂದು ತೀರ್ಮಾನಿಸಿಯೇಬಿಟ್ಟೆ.

"ಯಾರಿಗೆ ಮಾರಿದೆ?" ಎಂದು ನೇರವಾಗಿ ಕೇಳಿದೆ.

ಅವಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ನನಗೆ ಅಷ್ಟೇ ಸಾಕಾಯಿತು.

"ಮಾರ್ಕೊಳ್ಳಾಕೆ ನಾನೇನ್ ಕಳ್ಳಿನಾ ಸಾಮಿ? ನಮ್ಮನೇಗೇ ಬೇಕು, ಕೊಡಿ."

"ಹೊಸ ಚೀಟಿ ತಗೊಂಡು ಬಾ" ಎಂದು ಬೇರೆ ಗಿರಾಕಿಯ ಕಡೆ ತಿರುಗಿದೆ. ಏನೋ ಗೊಣಗುತ್ತಾ ಹೋದಳು. ಆ ದಿನವೆಲ್ಲ ನನಗೆ ನನ್ನ ಜಾಣತನದ ಮೇಲೆ ಭಾರಿ ಹೆಮ್ಮೆ.

ಶನಿವಾರ ಹತ್ತು ಗಂಟೆಗೆ ಮೂರನೇ ಸಲ ಬಂದಳು. ಈ ಸಲ ಜೊತೆಯಲ್ಲಿ ಮಗಳು ಸರೋಜ, ಚೊಚ್ಚಲ ಬಾಣಂತಿ. ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಹೆಣ್ಣುಕೂಸು ಅವಳ ತೋಳಲ್ಲಿತ್ತು, ಇನ್ನೂ ಹದಿನೆಂಟು ದಿನದ್ದು. ನಿನ್ನೆ ಸಂಜೆಯಿಂದ ಮೊಲೆ ಹಿಡಿಯುತ್ತಿಲ್ಲ, ಹೊಟ್ಟೆನೋವಿರಬೇಕು, ಗ್ರೈಪ್ ವಾಟರ್ ಕೊಡಿ ಎಂದರು.

ಬಾಟಲಿ ತೆಗೆಯುತ್ತಾ ಕೂಸಿನ ಕಡೆ ನೋಡಿದೆ. ಹಣೆ, ಕೆನ್ನೆ, ಮೂಗಿನ ಹೊಳ್ಳೆಯ ಸುತ್ತ ಬಿಳಿ ಮುಲಾಮು ಒಣಗಿ ಅಂಟಿತ್ತು.

ಸಿಕ್ಕಿಬಿದ್ದಳು ಅಂದುಕೊಂಡೆ. "ಕೂಸು ಬೆಳ್ಳಗಾಗಲಿ ಅಂತ ಹಚ್ಚಿದೆಯಾ?"

"ಅಯ್ಯೋ ನಮ್ಮಪ್ಪಾ, ಬಣ್ಣ ಯಾರಿಗ್ ಬೇಕು?" ಎಂದಳು ಮುನಿಪಾಪಮ್ಮ. "ಅಂಟ್ತದೆ ಅಂದ್ರಲ್ಲಾ ನೀವು. ನಂದು ಮಗೀಗೆ ಅಂಟದಿರ್ಲಿ ಅಂತ ಮುಂಚೇನೇ ಅಚ್ತಾ ಇದ್ದೀನಿ. ನಂಗೆ ಒಂದು ಸಲ, ಮಗೀಗೆ ಒಂದು ಸಲ. ನೀವು ಇನ್ನೊಂದು ಕೊಡ್ಲಿಲ್ಲ, ಉಳ್ದಿದ್ದನ್ನೇ ಹಿಂಡಿ ಹಿಂಡಿ ಅಚ್ಚಿದೆ."

"ಅದೇ ಬೆರಳಲ್ಲಾ?"

"ಊಂ."

ಗ್ರೈಪ್ ವಾಟರ್ ಬಾಟಲಿ ಕೆಳಗಿಟ್ಟೆ. "ನೀರು ಯಾರು ಹಾಕ್ತಿರೋದು?"

"ನಾನೇ. ಇನ್ಯಾರು ಆಕ್ತಾರೆ ಸಾಮಿ? ಮಗಳ ಬಾಣಂತನ ಅಂತ ಬೇರೆ ಯಾರ ಮನೇಗೂ ಓಗ್ತಿಲ್ಲ."

ನೀರು ಹಾಕುವುದೆಂದರೆ ಏನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಿಂದಾದ ಮೇಲೆ ನೀರು ನಿಲ್ಲಬಾರದೆಂದು ಅಜ್ಜಿ ಕೂಸಿನ ಕಿವಿಗೆ, ಮೂಗಿಗೆ ಬಾಯಿ ಹಚ್ಚಿ ಊದುತ್ತಾಳೆ. ನನ್ನ ತಾಯಿಯೂ ನನ್ನ ಮಕ್ಕಳಿಗೆ ಊದಿದವಳೇ. ಅದು ನನಗೆ ಸೋಮವಾರವೇ ಹೊಳೆಯಬೇಕಿತ್ತು. ಆ ತುಟಿಯ ವೈರಸ್ ತಿಂಗಳು ತುಂಬದ ಕೂಸಿನ ಮೈ ಸೇರಿದರೆ ಮಿದುಳಿಗೇ ಏರಬಹುದು, ಪ್ರಾಣವೇ ಹೋಗಬಹುದು. ಹುಣ್ಣಿರುವಾಗ ಎಳೆಗೂಸಿಗೆ ಮುತ್ತಿಡಬಾರದು, ಮುಖದ ಹತ್ತಿರ ಬಾಯಿ ತರಬಾರದು. ಒಬ್ಬರ ಟ್ಯೂಬ್ ಇನ್ನೊಬ್ಬರು ಮುಟ್ಟಬಾರದು. ಕಣ್ಣು, ಮೂಗು, ಬಾಯೊಳಗೆ ಆ ಕ್ರೀಮ್ ಹೋಗಲೇಬಾರದು. ಇಷ್ಟನ್ನೂ ಓದಿದ್ದವನು ನಾನು, ಹೇಳಿದ್ದು ಮಾತ್ರ ಕೈ ತೊಳಿ, ಅಂಟುರೋಗ, ಹುಷಾರು ಅಂತ.

ಹತ್ತಿಯಿಂದ ಮುಲಾಮು ಒರೆಸಿದೆ. ಎಡ ಹುಬ್ಬಿನ ಪಕ್ಕ ಒಂದು ನೀರುಗುಳ್ಳೆ ಇತ್ತು.

ಅಂಗಡಿಯ ಬಾಗಿಲು ಎಳೆದು ಇಬ್ಬರನ್ನೂ ಎದುರು ಬೀದಿಯ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೂಸನ್ನು ನೋಡಿ, ನನ್ನ ಮಾತು ಕೇಳಿ, ಕೂಡಲೇ ಬೆಂಗಳೂರಿನ ಮಕ್ಕಳ ಆಸ್ಪತ್ರೆಗೆ ಕಾಗದ ಬರೆದುಕೊಟ್ಟರು. "ಸೆಕೆ ಗುಳ್ಳೆಯೂ ಇರಬಹುದು. ಆದರೆ ಇಂಥದ್ದರಲ್ಲಿ ಅನುಮಾನ ಬಂದರೆ ಸಾಕು, ಕಾಯುತ್ತಾ ಕೂರಬಾರದು" ಎಂದರು. ಆಗಲೇ ಟ್ಯಾಕ್ಸಿ ಹತ್ತಿಸಿದೆ. ಮುನಿಪಾಪಮ್ಮ ಕೂಸನ್ನು ಮುಟ್ಟದೆ, ಮುಂದಿನ ಸೀಟಿನಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಆಮೇಲೆ ಸುದ್ದಿಯೇ ಇಲ್ಲ. ಅವರ ಊರಿನ ಬಸ್ಸು ಬಂದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಹೆಂಡತಿ ಯಾವಾಗಲೂ ಹಂಗಿಸುತ್ತಿದ್ದಳು. ಈ ಸಲ ಅವಳೂ ದಿನಾ ಸಂಜೆ ಸುದ್ದಿ ಬಂತಾ ಎಂದು ಕೇಳುತ್ತಿದ್ದಳು.

ನಾಲ್ಕು ವಾರವಾದ ಮೇಲೆ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಬಂದರು. ಗುಳ್ಳೆ ಅದೇ ವೈರಸ್ಸಿನದ್ದಾಗಿತ್ತು. ಅದೇ ಔಷಧಿಯನ್ನು ಮೂರು ವಾರ ರಕ್ತನಾಳಕ್ಕೆ ಇಂಜೆಕ್ಷನ್ನಾಗಿ ಕೊಟ್ಟರಂತೆ. ಬೇಗ ತಂದದ್ದಕ್ಕೆ ಕೂಸು ಉಳಿಯಿತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಕೂಸು ನನ್ನ ಕನ್ನಡಕ ನೋಡುತ್ತಾ ಕಾಲು ಬಡಿಯಿತು.

"ನಂದೇ ತಪ್ಪು ಮುನಿಪಾಪಮ್ಮ" ಎಂದೆ.

ಅವಳ ತುಟಿ ಪೂರ್ತಿ ವಾಸಿಯಾಗಿತ್ತು. ಆದರೂ ಸೆರಗು ಬಾಯಿಂದ ಇಳಿದಿರಲಿಲ್ಲ. "ಯಾರಿಗೆ ಮಾರಿದೆ ಅಂತ ಕೇಳಿದ್ರಿ ಸಾಮಿ" ಎಂದಳು. "ಯಾರಿಗೆ ಅಚ್ಚಿದೆ ಅಂತ ಒಂದ್ ಮಾತು ಕೇಳಿದ್ರೆ ಅವತ್ತೇ ಏಳ್ತಿದ್ನಲ್ಲಾ."

ಗುರುವಾರದಿಂದ ಶನಿವಾರದವರೆಗೆ ಎರಡು ದಿನ ಆ ಕೂಸಿಗೆ ನಷ್ಟವಾದದ್ದು ನನ್ನಿಂದ.

ನಿವೃತ್ತನಾಗುವವರೆಗೂ ಅನುಮಾನ ಬಿಡಲಿಲ್ಲ. ಔಷಧಿ ಕೊಡುವವನಿಗೆ ಅದು ಬೇಕು. ಆದರೆ ಅವತ್ತಿನಿಂದ ಮೊದಲು ಅನುಮಾನ ಪಟ್ಟದ್ದು ನಾನು ಹೇಳಿದ ಮಾತಿನ ಮೇಲೆ: ಪೂರ್ತಿ ಹೇಳಿದೆನಾ, ಅವರಿಗೆ ತಿಳಿಯಿತಾ? ಆ ಟ್ಯೂಬ್ ಕೇಳಿ ಯಾರೇ ಬರಲಿ, ಕಪಾಟಿಗೆ ಕೈ ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಮನೇಲಿ ಕೂಸಿದೆಯಾ?"